ತೋಳಿನ ಮೂರನೆಯ ಗಂಟು

ಆ ಅಮ್ಮನ ಮೈಮೇಲೆ ಮೂರು ಗಂಟುಗಳಿದ್ದವು. ಎರಡನ್ನು ನಾನು ಸರಿಯಾಗಿ ನೋಡಿದೆ. ಮೂರನೆಯದನ್ನು ನೋಡುವ ಹೊತ್ತಿಗೆ ಕತೆ ಕೇಳುತ್ತಿದ್ದೆ.

ಅವತ್ತು ಸೋಮವಾರ. ಮದ್ರಾಸಿನ ಅಣ್ಣಾ ನಗರದ ನಮ್ಮ ಸ್ಕ್ಯಾನ್ ಸೆಂಟರಿಗೆ ಸೋಮವಾರವೆಂದರೆ ಸಂತೆ. ಹೊಟ್ಟೆಯ ಸ್ಕ್ಯಾನಿನವರು ಬೆಳಿಗ್ಗೆಯಿಂದ ಏನೂ ತಿನ್ನದೆ ಕೂತಿರುತ್ತಾರೆ, ಮೂತ್ರಕೋಶದ ಸ್ಕ್ಯಾನಿನವರು ಬಾಟಲಿಗಟ್ಟಲೆ ನೀರು ಕುಡಿದು ಕೂತಿರುತ್ತಾರೆ. ಇಬ್ಬರ ಮುಖವನ್ನೂ ನೋಡುವಂತಿರುವುದಿಲ್ಲ. ಅವರ ನಡುವೆ ಚರ್ಮದಡಿಯ ಗಂಟು ತೋರಿಸಲು ಯಾರಾದರೂ ಬಂದರೆ ನಮಗೆ ಉಸಿರಾಡಲು ಬಿಡುವು ಸಿಕ್ಕ ಹಾಗೆ. ಐದು ನಿಮಿಷದ ಕೆಲಸ ಎಂಬುದು ಎಲ್ಲರ ಅಂದಾಜು. ನನ್ನದೂ ಅದೇ ಆಗಿತ್ತು.

ನಮ್ಮ ಕೋಣೆಯ ಒಂದು ಕ್ರಮವನ್ನು ಇಲ್ಲೇ ಹೇಳಿಬಿಡಬೇಕು. ನಾನು ಯಂತ್ರದ ಮುಂದೆ ಕೂತರೆ, ಅರ್ಧ ಪರದೆಯ ಆಚೆ ಟೈಪಿಸ್ಟ್ ಕೂರುತ್ತಾರೆ. ತಮಿಳು ಹೆಂಗಸು, ಹನ್ನೊಂದು ವರ್ಷದಿಂದ ನನ್ನ ಜೊತೆಗಿದ್ದಾರೆ. ದಿನವೂ ಬರುವ ಕಾಯಿಲೆಗಳ ವರದಿಗಳನ್ನು ಅವರು ಮೊದಲೇ ಬರೆದು, ಒಂದೊಂದಕ್ಕೆ ಒಂದೊಂದು ನಂಬರು ಕೊಟ್ಟು ಇಟ್ಟುಕೊಂಡಿದ್ದಾರೆ. ಪಿತ್ತಕೋಶದ ಕಲ್ಲಿಗೆ ಎರಡು, ಲೈಪೋಮಾಗೆ, ಅಂದರೆ ಕೊಬ್ಬಿನ ಗಂಟಿಗೆ, ನಾಲ್ಕು. ನಾನು ಮೈಮೇಲೆ ಆಡಿಸುವ ಪ್ರೋಬ್ ಎತ್ತಿಡುತ್ತಾ ತಮಿಳಿನಲ್ಲಿ ‘ನಾಲು’ ಅಂದರೆ ಸಾಕು, ಎಲ್ಲಿದೆ, ಎಷ್ಟು ಅಗಲ ಎಂದು ತುಂಬಿಸಿ ಕಾಗದ ಆಚೆ ಬರುತ್ತದೆ. ಈ ಏರ್ಪಾಟನ್ನು ಮಾಡಿಸಿದವಳು ನಾನೇ. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಆ ಅಮ್ಮ ಒಳಗೆ ಬಂದು, ಹೊರಗೆ ಕೂತಿದ್ದ ಮಗಳಿಗೆ ‘ಬ್ಯಾಗು ಬುಟ್ಟು ಎದ್ದೋಗ್ಬೇಡ’ ಎಂದು ಕೂಗಿ ಹೇಳಿದರು. ಮಗಳು ತಮಿಳಿನಲ್ಲಿ ‘ಸರಿ ಮಾ’ ಅಂದಳು. ನನ್ನ ಕಿವಿ ನೆಟ್ಟಗಾಯಿತು. ಯಾವ ಕಡೆಯವರು ಎಂದು ಕನ್ನಡದಲ್ಲೇ ಕೇಳಿದೆ. ಕೊಳ್ಳೇಗಾಲದ ಕಡೆಯವರಂತೆ. ಗಂಡ ಸಿನಿಮಾದಲ್ಲಿ ಮೇಕಪ್ಪಿನ ಕೆಲಸಕ್ಕೆಂದು ಕೋಡಂಬಾಕ್ಕಂಗೆ ಬಂದವರು. ಅವರು ತೀರಿಹೋಗಿ ಕೆಲವು ವರ್ಷವಾಯಿತು. ಈಯಮ್ಮ ವಿಗ್ಗು ಕಟ್ಟುತ್ತಾರೆ. ಸಿನಿಮಾದವರಿಗೆ, ನಾಟಕದವರಿಗೆ, ಈಚೆಗೆ ಕ್ಯಾನ್ಸರ್ ಔಷಧಿಯಿಂದ ಕೂದಲು ಉದುರಿದವರಿಗೂ.

ನಾನು ಹುಟ್ಟಿ ಬೆಳೆದದ್ದು ಮದ್ರಾಸಿನಲ್ಲೇ. ನನಗೆ ಕನ್ನಡ ಕಲಿಸಿದವರು ಅಜ್ಜಿ ಮತ್ತು ಅಜ್ಜಿಯ ತಮ್ಮ. ಇಬ್ಬರೂ ಮಾತಿಗೆ ಕೂತರೆ ಒಲೆಯ ಮೇಲಿನ ಹಾಲು ಉಕ್ಕಿದ್ದು ತಿಳಿಯುತ್ತಿರಲಿಲ್ಲ. ಅವರು ಹೋದ ಮೇಲೆ ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳುತ್ತೇನೆ, ಮಕ್ಕಳು ತಮಿಳಿನಲ್ಲಿ ಉತ್ತರ ಕೊಡುತ್ತಾರೆ. ಹಾಗಾಗಿ ನನ್ನ ಸ್ಕ್ಯಾನ್ ಮಂಚದ ಮೇಲೆ ಅಜ್ಜಿಯ ಸೀಮೆಯ ಮಾತಾಡುವವರು ಬಂದು ಮಲಗಿದರೆ ನಾನು ಸ್ವಲ್ಪ ಸಡಿಲವಾಗುತ್ತೇನೆ. ಇದನ್ನು ಸಮಜಾಯಿಷಿಗೆಂದು ಹೇಳುತ್ತಿಲ್ಲ. ನಡೆದದ್ದರಲ್ಲಿ ಇದಕ್ಕೂ ಪಾಲಿದೆ, ಅದಕ್ಕೆ ಹೇಳಿದೆ.

ಸರ್ಜನ್ ಬರೆದ ಚೀಟಿಯಲ್ಲಿ ಮೂರು ಗಂಟು, ಲೈಪೋಮಾ ಇರಬಹುದು, ಖಚಿತಪಡಿಸಿ ಎಂದಿತ್ತು. ಮೊದಲನೆಯದು ಎಡ ಮುಂಗೈಯಲ್ಲಿ. ಪ್ರೋಬ್ ಇಟ್ಟ ಕೂಡಲೇ ಗೊತ್ತಾಯಿತು: ಚರ್ಮಕ್ಕೆ ಸಮಾನಾಂತರವಾಗಿ ಮಲಗಿದ ದುಂಡನೆಯ ದಿಂಬು, ಒಳಗೆ ಬಾಚಣಿಗೆಯಿಂದ ಎಳೆದ ಹಾಗೆ ತೆಳ್ಳನೆಯ ಬಿಳಿ ಗೆರೆಗಳು, ಒತ್ತಿದರೆ ಚಪ್ಪಟೆ, ರಕ್ತನಾಳಗಳ ಸುಳಿವಿಲ್ಲ. ಪುಸ್ತಕದಲ್ಲಿರುವ ಲೈಪೋಮಾ. ಎರಡನೆಯದು ಬಲ ಭುಜದ ಹಿಂದೆ, ಅದರ ಅವಳಿ. ಮೂರನೆಯದು ಬಲ ತೋಳಿನ ಒಳಬದಿಯಲ್ಲಿ, ಮೊಣಕೈಯಿಂದ ನಾಲ್ಕು ಬೆರಳು ಮೇಲೆ. ಅಷ್ಟು ಹೊತ್ತಿಗೆ ನನ್ನ ತಲೆಯಲ್ಲಿ ಮೂರಕ್ಕೂ ಒಂದೇ ಹೆಸರು ಕೂತಾಗಿತ್ತು.

ಆ ಅಮ್ಮ ಅಷ್ಟರಲ್ಲಿ ಕತೆ ತೆಗೆದಿದ್ದರು. ಯಾವುದೋ ನಾಟಕ ಮಂಡಳಿಯಲ್ಲಿ ದೇವಿ ವೇಷ ಹಾಕುವ ಒಬ್ಬ ಗಂಡಸು. ಗಿರಿಜಾ ಮೀಸೆ. ದೇವಿಗೆ ಮೊಣಕಾಲು ಮುಟ್ಟುವ ಬಿಚ್ಚುಗೂದಲು ಬೇಕೆಂದು ಇವರ ಹತ್ತಿರ ಬಂದನಂತೆ. ವಿಗ್ಗಿನ ಬಲೆಯ ಒಂದೊಂದು ಕಣ್ಣಿಗೂ ಕೊಕ್ಕೆಸೂಜಿ ತೂರಿಸಿ ಎರಡೆರಡೇ ಕೂದಲು ಎಳೆದು ಬಿಗಿಯಬೇಕು. ಇವರು ಹತ್ತೊಂಬತ್ತು ದಿನ ಕೂತು ಕಟ್ಟಿದರಂತೆ. ಕೊನೆಗೆ ಅವನು ಬಂದು, ತಲೆಗಿಟ್ಟುಕೊಂಡು, ಕನ್ನಡಿ ಮುಂದೆ ನಿಂತನಂತೆ.

ಕತೆ ಅಲ್ಲಿಗೆ ಬಂದಾಗ ನಾನು ಮೂರನೆಯ ಗಂಟಿನ ಮೇಲೆ ಪ್ರೋಬ್ ಒತ್ತಿದ್ದೆ. ಅವರು ಮಾತಿನ ನಡುವೆಯೇ ಕೈ ಒದರಿ, ಕಿರುಬೆರಳಿಗೆ ಜುಂ ಅಂತು ಅಂದರು. ನಾನು ಜೆಲ್ಲು ತಣ್ಣಗಿರುತ್ತೆ ಅಮ್ಮ ಅಂದೆ. ಅಷ್ಟರಲ್ಲಿ ಹೊರಗಿನಿಂದ ಯಾರೋ ಬಾಗಿಲು ತಟ್ಟಿ, ನೀರು ಕುಡಿದವರು ಇನ್ನು ತಡೆಯಲಾರರಂತೆ ಎಂದರು. ನಾನು ಎರಡು ಚಿತ್ರ ಹಿಡಿದು, ಅಳತೆ ಹಾಕಿ, ಪರದೆಯ ಆಚೆಗೆ ‘ಮೂರೂ ನಾಲು’ ಎಂದೆ. ಕತೆ ಕನ್ನಡಿಯ ಮುಂದೆಯೇ ನಿಂತಿತು.

ಬುಧವಾರ ಮಧ್ಯಾಹ್ನ ನನಗೆ ಒಂದು ಅಭ್ಯಾಸವಿದೆ. ಹಿಂದಿನ ದಿನಗಳ ಹತ್ತು ವರದಿಗಳನ್ನು ಟೈಪಿಸ್ಟ್ ಕಣ್ಣುಮುಚ್ಚಿ ಆರಿಸಿ ಕೊಡುತ್ತಾರೆ. ನಾನು ವರದಿ ಓದದೆ ಮೊದಲು ಚಿತ್ರಗಳನ್ನಷ್ಟೇ ನೋಡಿ, ಆಮೇಲೆ ಬರೆದದ್ದಕ್ಕೆ ತಾಳೆ ಹಾಕುತ್ತೇನೆ. ಏಳನೆಯದು ವಿಗ್ಗಿನ ಅಮ್ಮನದು. ಮೊದಲಿನ ಎರಡು ಗಂಟುಗಳ ಚಿತ್ರಗಳು ತಕರಾರಿಲ್ಲದೆ ದಾಟಿದವು. ಮೂರನೆಯದರಲ್ಲಿ ನಿಂತೆ.

ಬಾಚಣಿಗೆಯ ಗೆರೆಗಳು ಅಲ್ಲಿರಲಿಲ್ಲ. ಗಂಟು ಸುತ್ತಲಿನ ಕೊಬ್ಬಿಗಿಂತ ಕಪ್ಪಗಿತ್ತು. ಕೊಬ್ಬಿನ ಪದರದಲ್ಲಿ ಇರಲಿಲ್ಲ, ಇನ್ನೂ ಆಳದಲ್ಲಿ, ಸ್ನಾಯುಗಳ ನಡುವೆ ಇತ್ತು. ಅದರ ಹಿಂಬದಿ ಸ್ವಲ್ಪ ಬೆಳ್ಳಗೆ ಹೊಳೆಯುತ್ತಿತ್ತು. ಡಾಪ್ಲರಿನಲ್ಲಿ ರಕ್ತ ಹರಿಯುವ ಬಣ್ಣ ಕಾಣಲಿಲ್ಲ ನಿಜ. ಆದರೆ ಚಿತ್ರದ ಮೇಲ್ಭಾಗದಲ್ಲಿ ಚರ್ಮ ತಗ್ಗಿ ಕೂತಿತ್ತು, ಅಂದರೆ ನಾನು ಪ್ರೋಬನ್ನು ಬಲವಾಗಿ ಒತ್ತಿದ್ದೆ. ಮಾತು ಜಾಸ್ತಿಯಾದಾಗ ನನ್ನ ಕೈ ಭಾರವಾಗುತ್ತದೆ. ಹಾಗೆ ಒತ್ತಿದರೆ ಸಣ್ಣ ರಕ್ತನಾಳಗಳು ಮುಚ್ಚಿಹೋಗಿ ಇಲ್ಲದ ಹಾಗೆ ತೋರುತ್ತವೆ. ಇನ್ನೂ ದೊಡ್ಡ ಕೊರತೆ ಎಂದರೆ, ಗಂಟಿನ ಎರಡು ತುದಿಗಳು ನನ್ನ ಯಾವ ಚಿತ್ರದಲ್ಲೂ ಇರಲಿಲ್ಲ. ನಡುಭಾಗ ಹಿಡಿದು ಎದ್ದುಬಿಟ್ಟಿದ್ದೆ.

ತೋಳಿನ ಆ ಜಾಗದಲ್ಲಿ ಏನು ಹಾದುಹೋಗುತ್ತದೆ ಎಂದು ಹೇಳಲು ಪುಸ್ತಕ ತೆಗೆಯಬೇಕಾಗಿಲ್ಲ. ಮೊಣಕೈ ಗೋಡೆಗೆ ತಗುಲಿದಾಗ ಕಿರುಬೆರಳಿನವರೆಗೆ ಜುಂ ಎನ್ನುತ್ತದಲ್ಲ, ಆ ನರ, ಅಲ್ನಾರ್ ನರ.

ಪರದೆ ಸರಿಸಿ ಟೈಪಿಸ್ಟನ್ನು ಕೇಳಿದೆ, ಸೋಮವಾರ ಬಂದ ವಿಗ್ಗಿನ ಅಮ್ಮ ಮಲಗಿದ್ದಾಗ ಏನಾದರೂ ಹೇಳಿದರಾ ಎಂದು. ನೀವಿಬ್ಬರೂ ಕನ್ನಡದಲ್ಲಿ ನಗುತ್ತಿದ್ದಿರಿ, ನನಗೇನು ತಿಳಿಯುತ್ತೆ ಮೇಡಂ ಎಂದರು ಅವರು. ಆಮೇಲೆ ಸ್ವಲ್ಪ ಯೋಚಿಸಿ, ತಮ್ಮ ಬಲಗೈಯ ಕಿರುಬೆರಳು ಎತ್ತಿ ಎರಡು ಸಲ ಒದರಿ ತೋರಿಸಿದರು.

ಭಾಷೆ ಬಾರದವರು ನೋಡಿದ್ದರು. ಭಾಷೆ ಬಂದ ನಾನು ಜೆಲ್ಲು ತಣ್ಣಗಿರುತ್ತೆ ಅಂದಿದ್ದೆ.

ಕಡತದಲ್ಲಿದ್ದ ಸರ್ಜನ್ ಚೀಟಿ ನೋಡಿದರೆ ಶಸ್ತ್ರಚಿಕಿತ್ಸೆ ಮರುದಿನ ಬೆಳಿಗ್ಗೆ ಏಳೂವರೆಗೆ. ಭುಜದ್ದೂ ಮುಂಗೈಯದ್ದೂ ತೊಂದರೆ ಕೊಡುತ್ತಿರಲಿಲ್ಲವಾದ್ದರಿಂದ ತೋಳಿನದ್ದನ್ನು ಮಾತ್ರ ತೆಗೆಯುವುದಿತ್ತು. ಲೈಪೋಮಾ ಎಂದರೆ ಆ ಜಾಗಕ್ಕಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸಣ್ಣ ಗಾಯ ಮಾಡಿ, ಬೆರಳಿನಿಂದ ಬಿಡಿಸಿ, ಬುಡ ಕತ್ತರಿಸಿ ತೆಗೆಯುತ್ತಾರೆ. ಇದು ನಾನು ಈಗ ಅಂದುಕೊಂಡ ಹಾಗೆ ನರದ್ದೇ ಗಂಟಾಗಿದ್ದರೆ, ಆ ಬುಡ ನರ. ಮರಗಟ್ಟಿದ ಕೈಯಲ್ಲಿ ಅದು ಕತ್ತರಿಸಿಹೋದರೂ ಆ ಅಮ್ಮನಿಗೆ ಗೊತ್ತಾಗುವುದಿಲ್ಲ. ಸಂಜೆ ಕೊಕ್ಕೆಸೂಜಿ ಹಿಡಿಯಲು ಹೋದಾಗ ಗೊತ್ತಾಗುತ್ತದೆ.

ಸರ್ಜನ್‌ಗೆ ಫೋನ್ ಮಾಡಿದೆ. ಒಳ್ಳೆಯ ಕೈಯ ಮನುಷ್ಯ, ಸಣ್ಣ ನರ್ಸಿಂಗ್ ಹೋಮಿನಲ್ಲಿ ದಿನಕ್ಕೆ ಆರೇಳು ಆಪರೇಷನ್ ಮಾಡುವವರು. ನನ್ನ ವರದಿಯನ್ನು ನಂಬಬೇಡಿ, ತೋಳಿನದ್ದು ನರದ ಗಂಟಿರಬಹುದು ಅಂದೆ. ನಿಮ್ಮ ಕೈಯಲ್ಲಿ ಈಗ ಏನು ಆಧಾರವಿದೆ ಎಂದು ಕೇಳಿದರು. ಎರಡು ಅರೆಬರೆ ಚಿತ್ರ ಮತ್ತು ಒಂದು ಕಿರುಬೆರಳು ಅಂದೆ. ಅವರು ನಕ್ಕರು. ಆಪರೇಷನ್ ಥಿಯೇಟರ್ ಗೊತ್ತುಮಾಡಿ ಆಗಿದೆ, ಆ ಅಮ್ಮ ಕೆಲಸ ಬಿಟ್ಟು ಬರುತ್ತಿದ್ದಾರೆ, ಬಿಡಿಸುವಾಗ ನೋಡಿಕೊಂಡರಾಯಿತು ಎಂದರು.

“ಬಿಡಿಸಿದ ಮೇಲೆ ನೋಡಿ ಏನು ಮಾಡೋದು ಸರ್?” ಎಂದೆ.

ಅವರು ನಾಳೆಯ ಪಟ್ಟಿ ಮಗುಚುವ ಸದ್ದು ಕೇಳಿತು. ಆಮೇಲೆ ಐದು ಗಂಟೆಯೊಳಗೆ ಹೊಸ ಸ್ಕ್ಯಾನ್ ಕಳಿಸಿದರೆ ನೋಡುತ್ತೇನೆ, ಇಲ್ಲದಿದ್ದರೆ ಆಪರೇಷನ್ ಹೇಳಿದ ಹೊತ್ತಿಗೇ ನಡೆಯುತ್ತದೆ ಎಂದರು. ಆಗ ಒಂದೂಕಾಲು.

ಅರ್ಜಿಯಲ್ಲಿದ್ದ ನಂಬರು ಮಗಳದ್ದು. ಗಿಂಡಿಯ ಒಂದು ಕಂಪನಿಯಲ್ಲಿ ಕೆಲಸ. ಎರಡು ಸಲ ಎತ್ತಲಿಲ್ಲ. ಮೂರನೆಯ ಸಲ ಎತ್ತಿ, ಅಮ್ಮ ಆಪರೇಷನ್ನಿಗೆ ಮೊದಲು ಮುಗಿದ ವಿಗ್ಗುಗಳನ್ನೆಲ್ಲ ಕೊಟ್ಟು ಬರಲು ಹೋಗಿದ್ದಾರೆ, ಕೈಯಲ್ಲಿ ಫೋನಿಲ್ಲ ಎಂದಳು. ಅಪಾಯವಾ ಎಂದು ಕೇಳಿದಳು. ಅಪಾಯವಾಗದಿರಲಿ ಎಂದೇ ಕರೆಯುತ್ತಿದ್ದೇನೆ ಎಂದೆ. ಅವಳು ರಜೆ ಹೇಳಿ, ಯಾವ ಅಂಗಡಿಯಲ್ಲಿ ಹುಡುಕಿದಳೋ, ಮೂರೂವರೆಗೆ ತಾಯಿಯನ್ನು ಕರೆದುಕೊಂಡು ಬಂದಳು. ಆ ಅಮ್ಮ ಒಳಗೆ ಬರುತ್ತಲೇ ನನ್ನ ಮುಖ ನೋಡಿದರು.

“ಕೆಟ್ಟದ್ದಾ ಡಾಕ್ಟ್ರಮ್ಮ?”

ಹಾಗೆ ಕಾಣುತ್ತಿಲ್ಲ, ಆದರೆ ಸೋಮವಾರ ನಾನು ಸರಿಯಾಗಿ ನೋಡಲಿಲ್ಲ, ಇನ್ನೊಮ್ಮೆ ನೋಡಬೇಕು ಎಂದೆ. ಪ್ರೋಬ್ ಮೈಮೇಲೆ ಇರುವಷ್ಟು ಹೊತ್ತು ಇಬ್ಬರೂ ಮಾತಾಡುವುದು ಬೇಡ, ಬೆರಳಿಗೆ ಏನಾದರೂ ಆದರೆ ಮಾತ್ರ ಹೇಳಿ ಎಂದೂ ಕೇಳಿಕೊಂಡೆ. ಅವರು ತುಟಿ ಬಿಗಿಹಿಡಿದು ಮಲಗಿದರು.

ಈ ಸಲ ಜೆಲ್ಲನ್ನು ಗುಡ್ಡೆ ಹಾಕಿ, ಪ್ರೋಬ್ ಚರ್ಮಕ್ಕೆ ತಗುಲಿಯೂ ತಗುಲದ ಹಾಗೆ ಹಿಡಿದೆ. ಗಂಟಿನಿಂದ ಶುರುಮಾಡಲಿಲ್ಲ, ಮೊಣಕೈಯ ಮೂಳೆಯ ಹಿಂದಿನಿಂದ ಹೊರಟೆ. ಅಡ್ಡಕ್ಕೆ ನೋಡಿದರೆ ನರ ಜೇನುಹಟ್ಟಿಯ ಚೂರಿನ ಹಾಗೆ ಕಾಣುತ್ತದೆ, ಬಿಳಿ ಗೂಡುಗಳೊಳಗೆ ಕಪ್ಪು ಚುಕ್ಕೆಗಳು. ಆ ಚೂರನ್ನು ಕಣ್ಣಿನಿಂದ ಬಿಡದೆ ಬೆರಳುಬೆರಳಾಗಿ ಮೇಲಕ್ಕೆ ಸರಿದೆ. ಗಂಟಿಗೆ ಒಂದು ಬೆರಳು ಕೆಳಗೆ ಅದು ಕಳೆದುಹೋಯಿತು.

ಮತ್ತೆ ಕೆಳಗೆ ಹೋಗಿ ಹಿಡಿದು ಬಂದೆ. ಅದೇ ಜಾಗದಲ್ಲಿ ಮತ್ತೆ ಮಾಯ. ಕಂಕುಳಿನಿಂದ ಕೆಳಗೆ ಇಳಿದು ನೋಡಿದರೆ ಮೇಲಿನ ತುದಿ ಚೆನ್ನಾಗಿ ಸಿಕ್ಕಿತು. ನರ ಬಂದು, ದಪ್ಪವಾಗಿ, ಗಂಟಿನೊಳಗೆ ಹೊಕ್ಕಿತು. ಆದರೆ ಒಂದೇ ತುದಿ ಸಾಲದು. ಪಕ್ಕದಲ್ಲಿ ಹಾದುಹೋಗುವ ನರಕ್ಕೆ ಒರಗಿಕೊಂಡು ಕೂತ ಬೇರೆ ಗಂಟೂ ಹಾಗೇ ಕಾಣಬಹುದು. ಒಳಗೆ ಹೋದದ್ದು ಆಚೆ ಬರುವುದನ್ನು ತೋರಿಸಿದರೆ ಮಾತ್ರ ಸರ್ಜನ್ ನಂಬುತ್ತಾರೆ, ನಾನೂ ನಂಬುತ್ತೇನೆ. ಸಣ್ಣ ತಲೆಯ ಇನ್ನೊಂದು ಪ್ರೋಬ್ ಹಾಕಿ ನೋಡಿದೆ. ಕೈಯನ್ನು ಚಾಚಿಸಿದೆ, ತಲೆಯ ಮೇಲಕ್ಕೆ ಎತ್ತಿಸಿದೆ. ನಾಲ್ಕೂಕಾಲಾಯಿತು.

ಕೊನೆಗೆ ಮಾತಾಡಿದವಳು ನಾನೇ. ಕೆಲಸ ಮಾಡುವಾಗ ಈ ಕೈಯನ್ನು ಹೇಗೆ ಇಟ್ಟುಕೊಳ್ಳುತ್ತೀರಿ, ಹಾಗೇ ಇಟ್ಟುಕೊಳ್ಳಿ ಎಂದೆ. ಅವರು ಎದ್ದು ಕೂತರು. ಎಡಗೈಯಲ್ಲಿ ಇಲ್ಲದ ಬಲೆಯನ್ನು ಹಿಡಿದರು, ಬಲ ಮೊಣಕೈಯನ್ನು ಸ್ವಲ್ಪ ಹೊರಗೆ ಎತ್ತಿ, ಮುಂಗೈ ತಿರುಗಿಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಇಲ್ಲದ ಸೂಜಿಯನ್ನು ಹಿಡಿದರು. ನಾನು ಸ್ಟೂಲ್ ಎಳೆದುಕೊಂಡು ಕೆಳಗೆ ಕೂತು, ಆ ಕೈಯ ಅಡಿಯಿಂದ ಪ್ರೋಬ್ ಇಟ್ಟೆ.

ಸ್ನಾಯು ಪಕ್ಕಕ್ಕೆ ಸರಿದಿತ್ತು. ಉದ್ದಕ್ಕೆ ತಿರುಗಿಸಿದ ಕೂಡಲೇ ಎರಡು ತುದಿಗಳೂ ಒಂದೇ ಚಿತ್ರದಲ್ಲಿ ಬಂದವು, ಮೊಟ್ಟೆ ನುಂಗಿದ ಹಾವಿನ ಹಾಗೆ. ಮೇಲೆ ನರ, ನಡುವೆ ಗಂಟು, ಕೆಳಗೆ ಮತ್ತೆ ನರ. ಹಗುರವಾಗಿ ಹಿಡಿದ ಡಾಪ್ಲರಿನಲ್ಲಿ ಒಳಗೆ ಎರಡು ಮೂರು ಕಡೆ ಬಣ್ಣ ಮಿನುಗಿತು. ಬೆರಳಿನಿಂದ ತಳ್ಳಿದರೆ ಗಂಟು ಅಡ್ಡಡ್ಡಕ್ಕೆ ಜಾರುತ್ತಿತ್ತು, ಉದ್ದಕ್ಕೆ ಕದಲುತ್ತಿರಲಿಲ್ಲ. ನರದ ಹೊದಿಕೆಯಲ್ಲಿ ಬೆಳೆದ ಗಂಟು, ಶ್ವಾನೋಮಾ. ಕೆಟ್ಟದ್ದಲ್ಲ, ಹರಡುವುದಿಲ್ಲ, ಲೈಪೋಮಾದಷ್ಟೇ ಸಾಧು. ತೆಗೆಯುವ ಬಗೆ ಮಾತ್ರ ಪೂರಾ ಬೇರೆ.

“ಜುಂ ಅಂತು,” ಎಂದರು ಆ ಅಮ್ಮ, ಅಪ್ಪಣೆಯಿದ್ದ ಒಂದೇ ಮಾತನ್ನು.

ಪ್ರೋಬ್ ಎತ್ತಿಟ್ಟು ಅವರಿಗೆ ಎಲ್ಲವನ್ನೂ ಹೇಳಿದೆ. ಆ ನರ ಕಿರುಬೆರಳಿಗಷ್ಟೇ ಅಲ್ಲ, ಹೆಬ್ಬೆರಳು ತೋರುಬೆರಳು ಸೇರಿಸಿ ಚಿವುಟುವ ಬಲವೂ ಅದರದ್ದೇ ಎಂದೆ. ಅವರು ತಮ್ಮ ಎರಡು ಬೆರಳುಗಳನ್ನು ಸೇರಿಸಿ, ಬಿಟ್ಟು, ಮತ್ತೆ ಸೇರಿಸಿ ನೋಡಿಕೊಂಡರು.

“ನಾನು ಅವತ್ತೇ ಯೋಳಿದ್ನಲ್ಲವ್ವಾ, ಬೆರಳು ಜುಂ ಅಂತದೆ ಅಂತ.”

“ಹೇಳಿದ್ರಿ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ತಪ್ಪು ನನ್ನದೇ ಅಮ್ಮ.”

ಅವರು ತೋಳಿನ ಜೆಲ್ಲು ಒರೆಸಿಕೊಂಡರು. ಆಮೇಲೆ, “ಕತೆ ತಗುದೋಳು ನಾನೇ ಬುಡಿ,” ಅಂದರು. ನಾನು ಒರೆಸಿಕೊಳ್ಳಲು ಇನ್ನೊಂದು ಕಾಗದ ಕೊಟ್ಟೆ.

ವರದಿ ಬರೆಯುವಾಗ ಒಂದು ತೊಡಕು ಎದುರಾಯಿತು. ಸೆಂಟರಿನ ಮ್ಯಾನೇಜರ್ ಬಂದು, ಇದನ್ನು ‘ಹೆಚ್ಚುವರಿ ವರದಿ’ ಎಂದು ಕೊಡಿ, ಹಳೆಯದು ಹಾಗೇ ಇರಲಿ, ಎರಡನ್ನೂ ಪಿನ್ ಮಾಡಿದರಾಯಿತು ಎಂದರು. ಅವರ ಕಷ್ಟ ಅವರಿಗೆ, ತಪ್ಪು ಎಂದು ಬರೆದುಕೊಟ್ಟ ಕಾಗದ ಯಾವ ಸಂಸ್ಥೆಗೂ ಹಿತವಲ್ಲ. ನನಗೂ ಒಂದು ನಿಮಿಷ ಅದೇ ಸುಲಭ ಎನಿಸಿತು. ಆದರೆ ಥಿಯೇಟರಿನ ಹೊರಗೆ ಕಡತಗಳು ಹೇಗಿರುತ್ತವೆಂದು ನಾನು ನೋಡಿದ್ದೇನೆ. ನರ್ಸು ಮೊದಲು ಕೈಗೆ ಸಿಕ್ಕ ಹಾಳೆಯನ್ನೇ ಗಟ್ಟಿಯಾಗಿ ಓದುತ್ತಾಳೆ. ಪಿನ್ನಿನ ಮೇಲೆ ಯಾವುದು, ಕೆಳಗೆ ಯಾವುದು ಎಂಬುದರ ಮೇಲೆ ಒಬ್ಬರ ಕೈ ನಿಲ್ಲಬಾರದು. ಟೈಪಿಸ್ಟ್‌ಗೆ ಮೊದಲ ಸಾಲು ಹೀಗೆ ಹಾಕಿ ಎಂದೆ: ಸೋಮವಾರ ಕೊಟ್ಟ ವರದಿ ತಪ್ಪು, ಅದನ್ನು ರದ್ದು ಮಾಡಲಾಗಿದೆ. ಅವರು ಒಮ್ಮೆ ಮ್ಯಾನೇಜರ್ ಮುಖ ನೋಡಿ, ಒಮ್ಮೆ ನನ್ನ ಮುಖ ನೋಡಿ, ಟೈಪ್ ಮಾಡಿದರು. ಹಳೆಯ ಹಾಳೆಯನ್ನು ಮಗಳ ಬ್ಯಾಗಿನಿಂದ ವಾಪಸ್ ತೆಗೆದುಕೊಂಡೆ.

ಐದಕ್ಕೆ ಹತ್ತು ನಿಮಿಷವಿದ್ದಾಗ ಚಿತ್ರಗಳು ಸರ್ಜನ್‌ಗೆ ಹೋದವು. ಹಾವಿನ ಚಿತ್ರ ಮೊದಲು. ಅವರೇ ಫೋನ್ ಮಾಡಿದರು. ಇದು ನನ್ನ ಟೇಬಲ್ಲಿನ ಕೇಸಲ್ಲ, ಮೈಕ್ರೋಸ್ಕೋಪ್ ಇಟ್ಟುಕೊಂಡು ನರದ ಕೆಲಸ ಮಾಡುವವರ ಹತ್ತಿರ ಹೋಗಲಿ ಎಂದರು. ಹೆಸರು ಕೊಟ್ಟರು, ತಾವೇ ಅವರಿಗೆ ಹೇಳಿದರು. ಫೋನ್ ಇಡುವ ಮೊದಲು, ನಾನು ಬೆರಳು ಹಾಕಿ ಬಿಡಿಸಿಬಿಡುತ್ತಿದ್ದೆ ಮೇಡಂ, ಎಂದರು. ನಾನು ಹೂಂ ಎಂದೆ.

ಆ ಅಮ್ಮನ ಆಪರೇಷನ್ ಮೂರು ವಾರ ತಡವಾಗಿ ಆಯಿತು. ನರದ ಎಳೆಗಳ ಉದ್ದಕ್ಕೇ ಹೊದಿಕೆ ಸೀಳಿ, ಗಂಟನ್ನು ಬಟಾಣಿ ಸುಲಿದ ಹಾಗೆ ಆಚೆ ತೆಗೆದರಂತೆ. ಬಯಾಪ್ಸಿಯಲ್ಲೂ ಶ್ವಾನೋಮಾ ಎಂದೇ ಬಂತು. ಕಿರುಬೆರಳು ಕೆಲವು ವಾರ ಮರಗಟ್ಟಿದ ಹಾಗಿತ್ತು ಎಂದು ಮಗಳು ಫೋನಿನಲ್ಲಿ ತಿಳಿಸಿದಳು. ಅಮ್ಮ ಸೂಜಿ ಮುಟ್ಟುತ್ತಿಲ್ಲ, ಹೆದರಿಕೆಯೋ ಏನೋ, ಎಂದೂ ಹೇಳಿದಳು.

ನಮ್ಮ ಕೋಣೆಯಲ್ಲಿ ನಾಲ್ಕನೆಯ ನಂಬರು ಈಗ ಇಲ್ಲ. ನಾನು ತೆಗೆಯಿರಿ ಎಂದಿರಲಿಲ್ಲ. ಒಂದು ದಿನ ಅಭ್ಯಾಸಬಲದಿಂದ ‘ನಾಲು’ ಎಂದಾಗ ಪರದೆಯ ಆಚೆಯಿಂದ ಟೈಪಿಸ್ಟ್, ಅದು ಇಲ್ಲ ಮೇಡಂ, ಪೂರಾ ಹೇಳಿ, ಎಂದರು. ಅವತ್ತಿನಿಂದ ಪೂರಾ ಹೇಳುತ್ತಿದ್ದೇನೆ.

ನಾಲ್ಕು ತಿಂಗಳಾದ ಮೇಲೆ ಆ ಅಮ್ಮ ಮರುಸ್ಕ್ಯಾನಿಗೆ ಬಂದರು. ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. ನಮಸ್ಕಾರ ಎಂಬಂತೆ ತಲೆಯಾಡಿಸಿ, ಮಾತಿಲ್ಲದೆ ಮಂಚದ ಮೇಲೆ ಕೂತು, ಕೇಳುವ ಮೊದಲೇ ತೋಳನ್ನು ವಿಗ್ಗು ಕಟ್ಟುವ ಹಾಗೆ ಎತ್ತಿ ಹಿಡಿದರು. ಮೊಣಕೈಯಿಂದ ಕಂಕುಳಿನವರೆಗೆ ನರವನ್ನು ಹಿಡಿದು ಹೋದೆ. ಗಂಟು ಇದ್ದ ಕಡೆ ಸ್ವಲ್ಪ ದಪ್ಪ, ಒಳಗೆ ಎಳೆಗಳು ಮುರಿಯದೆ ಸಾಗಿದ್ದವು. ಮೂರು ಸಲ ನೋಡಿದೆ.

ಆಮೇಲೆ ಅವರ ಕೈಯಲ್ಲಿದ್ದ ಟೋಕನ್ ಚೀಟಿಯನ್ನು ಹೆಬ್ಬೆರಳಿಗೂ ತೋರುಬೆರಳಿನ ಬದಿಗೂ ನಡುವೆ ಹಿಡಿಸಿ, ಬಿಡಬೇಡಿ ಎಂದು ಸನ್ನೆ ಮಾಡಿ ಎಳೆದೆ. ಆ ನರ ಸೋತಿದ್ದರೆ ಕಾಗದ ಜಾರಿಕೊಂಡು ಬರುತ್ತದೆ, ಇಲ್ಲವೇ ಹಿಡಿಯಲು ಹೆಬ್ಬೆರಳಿನ ತುದಿ ಮಡಚಿಕೊಳ್ಳುತ್ತದೆ. ಹೆಬ್ಬೆರಳು ನೆಟ್ಟಗೇ ಇತ್ತು. ಇನ್ನೂ ಸ್ವಲ್ಪ ಜೋರಾಗಿ ಎಳೆದೆ. ಚೀಟಿ ಹರಿದು ಅರ್ಧ ನನ್ನ ಕೈಗೆ ಬಂತು, ಅರ್ಧ ಅವರಲ್ಲೇ ಉಳಿಯಿತು.

ಅವರು ಆ ಅರ್ಧವನ್ನು ನೋಡಿದರು. ಬೆರಳು ಸಡಿಲಿಸಲಿಲ್ಲ.

“ಈಗ ಮಾತಾಡಬೌದಾ ಡಾಕ್ಟ್ರಮ್ಮ?”

ಪ್ರೋಬನ್ನು ಒರೆಸಿ ಅದರ ಗೂಡಿಗೆ ಇಟ್ಟೆ. ಯಂತ್ರದ ಕಡೆಗೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂತೆ. ಕನ್ನಡಿ ಮುಂದೆ ನಿಂತವನು ಏನೆಂದ ಎಂದು ಕೇಳಿದೆ.

“ಏನಂತಾನೆ. ಮೊಣಕಾಲುಗಂಟ ಇಳಿಬಿದ್ದ ಕೂದ್ಲು ನೋಡ್ಕಂಡು ಕೈಮುಗುದ. ಆಮ್ಯಾಕೆ, ಅಕ್ಕಾ, ಇದ ಚೀಲಕ್ಕೆ ತುಂಬುದ್ರೆ ಸಿಕ್ಕಾಯ್ತದೆ, ತಲೆ ಮ್ಯಾಲೆ ಇಟ್ಕಂಡೇ ಬಸ್ಸತ್ತೀನಿ, ಒಂದು ಜಡೆ ಹಾಕೊಟ್ಬುಡು ಅಂದ.”

“ಹಾಕಿಕೊಟ್ರಾ?”

“ಹೂವನೂ ಮುಡ್ಸಿ ಕಳ್ಸ್ದೆ. ಕಂಡಕ್ಟ್ರು ಹಿಂದಿಂದ ನೋಡಿ ಹೆಂಗಸ್ರ ಫ್ರೀ ಟಿಕೇಟು ಕೊಟ್ನಂತೆ. ಕೋಯಂಬೇಡು ಬಸ್ಟಾಂಡು ಬರೋಗಂಟ ಆ ಮೀಸೆ ಈ ಕಡೆ ತಿರುಗ್ಲೇ ಇಲ್ವಂತೆ.”

ಪರದೆಯ ಆಚೆ ಟೈಪಿಸ್ಟ್ ಏನು ಮೇಡಂ, ಏನು, ಎಂದು ಕೇಳಿದರು. ಅವರಿಗೆ ತಮಿಳಿನಲ್ಲಿ ಪೂರಾ ಹೇಳಿದೆ. ಹೊರಗೆ ನೀರು ಕುಡಿದವರು ಬಾಗಿಲು ತಟ್ಟುತ್ತಿದ್ದರು. ಆ ಅಮ್ಮ ಎದ್ದು ಸೆರಗು ಸರಿಮಾಡಿಕೊಂಡು, ಹರಿದ ಅರ್ಧ ಟೋಕನ್ನನ್ನು ಪರ್ಸಿನೊಳಗೆ ಇಟ್ಟುಕೊಂಡು, ಇವತ್ತು ಸಂಜೆಯಿಂದ ಒಂದು ವಿಗ್ಗು ಹಿಡೀಬೇಕು ಅಂದರು.